ಫೋನಿನೊಳಗಿನ ಊರು ಗೋಡೆಗೆ ಬರಲಿ

ಮೊನ್ನೆ ಸಂಜೆ ಮೈಸೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕಾದು ಕೂತಿದ್ದೆ. ನಡುವಯಸ್ಸಿನವರೊಬ್ಬರು ಅವಸರದಲ್ಲಿ ಒಳಗೆ ಬಂದರು. ಗಡ್ಡ ತೆಗೆದಿರಲಿಲ್ಲ, ಕಣ್ಣು ಕೆಂಪಗಿತ್ತು. ಫೋನು ಮುಂದೆ ಹಿಡಿದು, "ಇದನ್ನ ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡಿ ಸಾರ್. ನಾಳಿದ್ದು ಅಪ್ಪನ ವೈಕುಂಠ ಸಮಾರಾಧನೆ" ಅಂದರು.

ಸ್ಟುಡಿಯೋದವರು ಫೋಟೋವನ್ನು ಕಂಪ್ಯೂಟರಿಗೆ ಹಾಕಿ ನೋಡಿ ತಲೆ ಅಲ್ಲಾಡಿಸಿದರು. "ಇದು ವಾಟ್ಸಾಪ್ ಡಿಪಿ ಸಾರ್, ತೀರಾ ಸಣ್ಣದು. ಹಿಗ್ಗಿಸಿದರೆ ಮುಖ ಮುದ್ದೆ ಆಗೋಗುತ್ತೆ. ಒರಿಜಿನಲ್ ಇಲ್ವೇ?"

"ಒರಿಜಿನಲ್ ಇದ್ದ ಫೋನು ಹೋದ ವರ್ಷ ಬಸ್ಸಿನಲ್ಲಿ ಕಳೆದುಹೋಯ್ತು."

"ಮನೇಲಿ ಹಳೇ ಆಲ್ಬಮ್ಮು?"

"ಅಕ್ಕನ ಮದುವೇದಿದೆ, 1988ರದ್ದು. ಅದರಲ್ಲಿ ಅಪ್ಪನಿಗೆ ಈಗ ನನಗಾಗಿರೋ ವಯಸ್ಸು" ಎಂದು ಅವರು ಸುಮ್ಮನಾದರು.

ಕೊನೆಗೆ ಅದನ್ನೇ ತಂದರು. ಸ್ಕ್ಯಾನ್ ಮಾಡಿದರೆ ಪೇಟದ ಜರಿಯಂಚೂ ಸ್ಪಷ್ಟವಾಗಿ ಬಂತು. ಮೂವತ್ತೈದು ವರ್ಷ ದಾಟಿದ ಕಾಗದದ ಫೋಟೋ ಕೈಬಿಡಲಿಲ್ಲ, ಮೊನ್ನೆ ಮೊನ್ನೆ ತೆಗೆದ ಫೋನಿನ ಫೋಟೋ ಕೈಕೊಟ್ಟಿತು. ಆ ಮನುಷ್ಯನ ಫೋನಿನಲ್ಲಿ ಇದ್ದ ಫೋಟೋಗಳು ನಾಲ್ಕು ಸಾವಿರಕ್ಕೂ ಮೇಲೆ! ಅಪ್ಪನದೊಂದು ನೆಟ್ಟಗಿರಲಿಲ್ಲ.

ಓದುಗರೇ, ಇದು ಅವರೊಬ್ಬರ ಮನೆಯ ಕಥೆಯಲ್ಲ. ನಮ್ಮ ನಿಮ್ಮೆಲ್ಲರ ಮನೆಯದು. ನಮ್ಮ ಊರಿನದೂ ಹೌದು.

ಇದ್ದದ್ದು ಇದ್ದ ಹಾಗೇ ಇರುತ್ತದೆಯೇ?

ಜಗನ್ಮೋಹನ ಅರಮನೆ ರಸ್ತೆಯ ಲ್ಯಾನ್ಸ್‌ಡೌನ್ ಕಟ್ಟಡವನ್ನು ನೆನೆಯಿರಿ. 1892ರಲ್ಲಿ ಕಟ್ಟಿದ್ದು. ಹಳೇ ಪುಸ್ತಕಕ್ಕೆ, ಪಠ್ಯಪುಸ್ತಕಕ್ಕೆ ಎಷ್ಟು ತಲೆಮಾರಿನ ಹುಡುಗರು ಅಲ್ಲಿ ಚೌಕಾಸಿ ಮಾಡಿಲ್ಲ! 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿಯಿತು. ನಾಲ್ಕು ಜೀವ ಹೋಯಿತು. ಅಂಗಡಿಗಳನ್ನು ಖಾಲಿ ಮಾಡಿಸಿದರು. ನಾಲ್ಕು ವರ್ಷ ಕಳೆದು 2016ರ ಆಗಸ್ಟ್‌ನಲ್ಲೇ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಉಳಿಸಬೇಕೋ, ಕೆಡವಿ ಕಟ್ಟಬೇಕೋ ಎಂಬ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು.

ವಾದ ಬಲ್ಲವರು ಮಾಡಲಿ. ನನ್ನ ಪ್ರಶ್ನೆ ಸಣ್ಣದು. ಆ ಅಂಗಡಿಗಳಲ್ಲಿ ಮೂವತ್ತು ನಲವತ್ತು ವರ್ಷ ಕೂತು ವ್ಯಾಪಾರ ಮಾಡಿದವರ ಬಳಿ ತಮ್ಮ ಅಂಗಡಿಯದೇ ಒಂದು ಒಳ್ಳೆ ಫೋಟೋ ಇದೆಯೇ? ಕೇಳಿ ನೋಡಿ. ಅರಮನೆ ಕ್ಯಾಲೆಂಡರ್ ಇರುತ್ತೆ, ಲಕ್ಷ್ಮಿ ಫೋಟೋ ಇರುತ್ತೆ. ಅಂಗಡಿಯದು ಇರೋದಿಲ್ಲ. "ದಿನಾ ನೋಡೋದಲ್ವಾ ಸ್ವಾಮಿ, ಅದಕ್ಕೇನು ಫೋಟೋ?" ಅಂತಾರೆ. ದಿನಾ ನೋಡುವುದೇ ಒಂದು ದಿನ ಕಾಣದೆ ಹೋಗುವುದು.

ಈ ಮಾತನ್ನು ಚೆನ್ನಾಗಿ ಅರಿತಿದ್ದವರು ನಮ್ಮೂರಿನವರೇ ಆದ ಟಿ.ಎಸ್. ಸತ್ಯನ್. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ದೇಶ ವಿದೇಶದ ಪತ್ರಿಕೆಗಳಿಗೆ ಫೋಟೋ ತೆಗೆದು, 1977ರಲ್ಲಿ ಪದ್ಮಶ್ರೀ ಪಡೆದು, 2009ರಲ್ಲಿ ತೀರಿಕೊಂಡವರು. ದೊಡ್ಡ ದೊಡ್ಡವರ ಫೋಟೋ ಅವರು ತೆಗೆದದ್ದುಂಟು. ಆದರೆ ಅವರ ಹೆಸರು ನಿಂತಿರುವುದು ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಹಿಡಿದ ಕಪ್ಪು ಬಿಳುಪು ಚಿತ್ರಗಳಿಂದ.

ಎಲ್ಲಿ, ಯಾವಾಗ ಹಿಡಿಯೋದು?

"ನಮ್ಮ ಹತ್ರ ಕ್ಯಾಮೆರಾ ಎಲ್ಲಿದೆ?" ಎಂಬ ಸಬೂಬು ಈಗ ನಡೆಯೋದಿಲ್ಲ. ಜೇಬಿನಲ್ಲಿರುವ ಫೋನೇ ಸಾಕು. ಬೇಕಾದ್ದು ಸರಿಯಾದ ಹೊತ್ತು, ಸರಿಯಾದ ಜಾಗ.

ಹೊತ್ತು ಎಂದರೆ ಬೆಳಗಿನ ಎಂಟರೊಳಗೆ, ಇಲ್ಲವೇ ಸಂಜೆ ಐದರ ಮೇಲೆ. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಜನರ ಕಣ್ಣಗುಳಿಗೆಲ್ಲ ಕಪ್ಪು ಬಳಿದ ಹಾಗಾಗುತ್ತೆ. ಅರಮನೆಯ ಮುಖ ಪೂರ್ವಕ್ಕಿದೆ, ಚಾಮುಂಡಿ ಬೆಟ್ಟದ ಕಡೆಗೆ. ಆದ್ದರಿಂದ ಬೆಳಗಿನ ಬಿಸಿಲು ನೇರವಾಗಿ ಅದರ ಮುಖಕ್ಕೆ ಬೀಳುತ್ತೆ. ಸಂಜೆ ಹೋಗಿ "ಕಪ್ಪಗೆ ಬಂತು" ಅಂತ ಫೋನನ್ನು ಬೈದು ಪ್ರಯೋಜನವಿಲ್ಲ. ಬೆಟ್ಟದ ಮೇಲಿಂದ ಊರು ಹಿಡಿಯುವವರಿಗೂ ಬೆಳಗ್ಗೆಯೇ ಸರಿ. ಸೂರ್ಯ ನಿಮ್ಮ ಬೆನ್ನ ಹಿಂದಿರುತ್ತಾನೆ.

ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳ ಸಂಜೆ ಏಳರ ಹೊತ್ತಿಗೆ ಅರಮನೆಗೆ ದೀಪ ಹಾಕುತ್ತಾರೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಮೇ, ಜೂನ್, ಜುಲೈ ತಿಂಗಳಲ್ಲಿ ಆ ಹೊತ್ತಿಗೂ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತೆ. ದೀಪ ಹತ್ತಿದ ಮೊದಲ ಐದು ನಿಮಿಷದಲ್ಲೇ ತೆಗೆದುಬಿಡಿ. ತೆರೆಯ ಮೇಲೆ ದೀಪಗಳಿರುವ ಕಡೆ ಬೆರಳಿಟ್ಟು ಬೆಳಕು ಸ್ವಲ್ಪ ಕೆಳಗಿಳಿಸಿ. ಇಲ್ಲದಿದ್ದರೆ ಗೋಪುರವೆಲ್ಲ ಬಿಳಿ ಹಿಟ್ಟಿನ ಗುಡ್ಡೆ ಆಗುತ್ತೆ.

ಅರಮನೆ, ನಂದಿ, ಫಿಲೋಮಿನಾ ಚರ್ಚು, ಇವನ್ನೆಲ್ಲ ಪ್ರವಾಸಿಗಳು ಸಾಕಷ್ಟು ಹಿಡಿಯುತ್ತಾರೆ ಬಿಡಿ. ಊರಿನವರು ಹಿಡಿಯಬೇಕಾದ್ದು ಬೇರೆ. ದೇವರಾಜ ಮಾರುಕಟ್ಟೆಯಲ್ಲಿ ಟಾರ್ಪಾಲಿನ ಸಂದಿಯಿಂದ ಬಾಳೆಗೊನೆಯ ಮೇಲೆ ಬೀಳುವ ಬಿಸಿಲು. ವೀಳ್ಯದೆಲೆ ಎಣಿಸುವ ಕೈ. 1886ರ ಚಿಕ್ಕ ಗಡಿಯಾರದ ಕೆಳಗೆ ನೆರಳಿಗೆ ಕೂತ ಕೂಲಿಯವರು. ಪುರಭವನದ ಪಕ್ಕದ 1927ರ ದೊಡ್ಡ ಗಡಿಯಾರ. ಅದರ ಮುಖದ ಮೇಲಿರುವುದು ಕನ್ನಡ ಅಂಕಿ. ದಿನಾ ಅದರ ಕೆಳಗೇ ಓಡಾಡುವವರಲ್ಲಿ ಎಷ್ಟು ಜನ ಕತ್ತೆತ್ತಿ ನೋಡಿದ್ದೀರಿ? ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಮಳೆ ನಿಂತ ಮೇಲೆ ನೆಲದ ನೀರಿನಲ್ಲಿ ಕಾಣುವ ಬಸ್ಸು. ಬಾಡಿಗೆಗೆ ಕಾದು ನಿಂತ ಟಾಂಗಾ, ತೂಕಡಿಸುವ ಕುದುರೆ. ಬೆಳಗ್ಗೆ ಎಂಟೂಕಾಲಿಗೆ ನೀವು ಹತ್ತುವ ಬಸ್ಸಿನ ಫುಟ್‌ಬೋರ್ಡು.

ಅಂಗಡಿಯವರಿಗೆ ಒಂದು ಮಾತು. ಶಟರ್ ಎತ್ತಿದ ಮೊದಲ ಹತ್ತು ನಿಮಿಷ, ಗಿರಾಕಿ ಬರುವ ಮುಂಚೆ, ರಸ್ತೆಯ ಆಚೆ ನಿಂತು ನಿಮ್ಮ ಅಂಗಡಿಯದು ಒಂದು ಪೂರ್ತಿ ಫೋಟೋ ತೆಗೆಸಿ. ಬೋರ್ಡು ಬರಲಿ, ಪಕ್ಕದ ಅಂಗಡಿಯೂ ಅರ್ಧ ಬರಲಿ. ಗಲ್ಲಾದಲ್ಲಿ ಕೂತ ಹಿರಿಯರದು ಇನ್ನೊಂದು. ವರ್ಷಕ್ಕೊಮ್ಮೆ, ಆಯುಧಪೂಜೆ ದಿನ, ಅದೇ ಜಾಗದಿಂದ ತೆಗೆದರೂ ಹತ್ತು ವರ್ಷಕ್ಕೆ ಅದೇ ಒಂದು ಚರಿತ್ರೆಯಾಗುತ್ತೆ.

ಪ್ರಿಂಟು ಹಾಕಿಸೋ ಲೆಕ್ಕ

ಇನ್ನು ಮುಖ್ಯ ವಿಷಯ. ತೆಗೆದದ್ದನ್ನು ಕಾಗದಕ್ಕೆ ಇಳಿಸುವಾಗ ನಮ್ಮವರು ಮಾಡುವ ತಪ್ಪು ನಾಲ್ಕೈದೇ.

ಮೊದಲನೆಯದು, ವಾಟ್ಸಾಪಿನಲ್ಲಿ ಬಂದದ್ದನ್ನೇ ಕೊಡುವುದು. ಫೋನಿನ ಫೋಟೋ ಎಂದರೆ ಚುಕ್ಕಿಗಳ ರಂಗೋಲಿ. ಒಳ್ಳೆ ಪ್ರಿಂಟಿಗೆ ಒಂದು ಇಂಚಿಗೆ 300 ಚುಕ್ಕಿ ಇರಬೇಕು ಎಂಬುದು ಕಸುಬಿನವರ ಲೆಕ್ಕ. 200 ಇದ್ದರೂ ನಡೆಯುತ್ತೆ. 4×6 ಇಂಚಿಗೆ 1,200×1,800 ಸಾಕು. 8×12ಕ್ಕೆ 2,400×3,600 ಬೇಕು. ಈಗಿನ ಸಾಧಾರಣ ಫೋನಿನ ಒರಿಜಿನಲ್ ಫೋಟೋ 3,000×4,000 ಇರುತ್ತೆ. ಅಂದರೆ 10×13 ಇಂಚಿನವರೆಗೆ ಧಾರಾಳ. ಡಬ್ಬದ ಮೇಲೆ 50 ಮೆಗಾಪಿಕ್ಸೆಲ್ ಅಂತ ಬರೆದಿರುವ ಫೋನೂ ಸಾಮಾನ್ಯವಾಗಿ ಇದೇ ಅಳತೆಯಲ್ಲೇ ಫೋಟೋ ಉಳಿಸುತ್ತೆ. ಅದನ್ನೇ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚುಕ್ಕಿಗಳನ್ನು ಕತ್ತರಿಸಿ, ಹಿಂಡಿ ಸಣ್ಣದು ಮಾಡಿಬಿಡುತ್ತೆ. ಡಿಪಿಯಂತೂ ಅಂಚೆ ಚೀಟಿ. ಆದ್ದರಿಂದ ಸ್ಟುಡಿಯೋಗೆ ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿ. ಇಲ್ಲ, ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ.

ಎರಡನೆಯದು, ಬೆರಳಿನಲ್ಲಿ ಹಿಗ್ಗಿಸಿ ತೆಗೆಯುವುದು. ಕ್ಯಾಮೆರಾ ಹತ್ತಿರ ಹೋಗೋದಿಲ್ಲ ಸ್ವಾಮಿ, ಚುಕ್ಕಿ ಮಾತ್ರ ಕಮ್ಮಿಯಾಗುತ್ತೆ. ನಾಲ್ಕು ಹೆಜ್ಜೆ ನೀವೇ ಮುಂದೆ ಹೋಗಿ. ಲೆನ್ಸನ್ನು ಪಂಚೆ ಅಂಚಿನಲ್ಲೋ ಸೆರಗಿನಲ್ಲೋ ಒರೆಸಿಕೊಳ್ಳಿ. ಜೇಬಿನ ಎಣ್ಣೆ ಧೂಳೆಲ್ಲ ಅದರ ಮೇಲೇ ಇರುತ್ತೆ.

ಮೂರನೆಯದು, ಅಳತೆ. ಫೋನಿನ ಫೋಟೋ ನಾಲ್ಕಕ್ಕೆ ಮೂರರ ಅಳತೆಯದು. 4×6 ಕಾಗದ ಮೂರಕ್ಕೆ ಎರಡರದ್ದು. ಎರಡೂ ಕೂಡೋದಿಲ್ಲ. ಸುಮ್ಮನೆ "ಹಾಕಿ ಕೊಡಿ" ಅಂದರೆ ಮಿಷನ್ನು ಮೇಲೆ ಕೆಳಗೆ ಕತ್ತರಿಸುತ್ತೆ, ಗುಂಪು ಫೋಟೋದಲ್ಲಿ ಹಿಂದೆ ನಿಂತ ಮಾವನ ತಲೆ ಹೋಗುತ್ತೆ. "ಬಿಳಿ ಅಂಚು ಬಿಟ್ಟು ಪೂರ್ತಿ ಹಾಕಿ" ಅಂತಲೋ, "6×8 ಕಾಗದಕ್ಕೆ ಹಾಕಿ" ಅಂತಲೋ ಮೊದಲೇ ಹೇಳಿ.

ನಾಲ್ಕನೆಯದು, ಬೆಳಕು. ಫೋನಿನ ತೆರೆ ದೀಪದ ಹಾಗೆ ತಾನೇ ಹೊಳೆಯುತ್ತೆ, ಕಾಗದ ಹೊಳೆಯೋದಿಲ್ಲ. ಹೀಗಾಗಿಯೇ "ಫೋನಲ್ಲಿ ಚೆನ್ನಾಗಿತ್ತು, ಪ್ರಿಂಟು ಕಪ್ಪಗಾಯ್ತು" ಎಂಬ ಜಗಳ. ತೆರೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿ. ಪ್ರಿಂಟು ಸುಮಾರಾಗಿ ಹಾಗೇ ಬರುತ್ತೆ. ದೊಡ್ಡದು ಹಾಕಿಸುವ ಮುಂಚೆ 4×6 ಒಂದು ಹಾಕಿಸಿ ಬಿಸಿಲಿಗೆ ಹಿಡಿದು ನೋಡುವುದು ಜಾಣತನ.

ಕೆಲವು ಸ್ಟುಡಿಯೋದವರಿಗೆ ಇನ್ನೊಂದು ಚಾಳಿ ಉಂಟು. ಕೇಳದಿದ್ದರೂ ಮುಖ ಬೆಳ್ಳಗೆ ಮಾಡಿಬಿಡೋದು! ಸುಕ್ಕು ಮಾಯ, ಮಚ್ಚೆ ಮಾಯ. ಅಜ್ಜಿಯ ಸುಕ್ಕು ಹೋದರೆ ಅದು ಅಜ್ಜಿ ಹೇಗಾದೀತು? "ಮುಖ ಮುಟ್ಟಬೇಡಿ, ಇದ್ದ ಹಾಗೇ ಇರಲಿ" ಎಂದು ಬಾಯಿಬಿಟ್ಟು ಹೇಳಬೇಕು.

ಯಾವ ಮಿಷನ್ನಿನದು ಅಂತಲೂ ಕೇಳಿ. ಲ್ಯಾಬಿನ ದೊಡ್ಡ ಮಿಷನ್ನಿನಲ್ಲಿ ಬೆಳ್ಳಿಯ ಲವಣ ಬಳಿದ ಕಾಗದಕ್ಕೆ ಬೆಳಕು ಬಿಟ್ಟು, ರಾಸಾಯನಿಕದಲ್ಲಿ ತೊಳೆದು ಚಿತ್ರ ಮೂಡಿಸುತ್ತಾರೆ. ಇದು ರೀಲಿನ ಕಾಲದ ವಿದ್ಯೆಯೇ, ಆಲ್ಬಮ್ಮಿಗೆ ಒಳ್ಳೇದು. ಇಂಕ್‌ಜೆಟ್ಟಿನಲ್ಲಿ ಮಸಿ ಸಿಂಪಡಿಸುತ್ತಾರೆ. ಒಳ್ಳೆ ಕಾಗದ, ಪಿಗ್ಮೆಂಟ್ ಮಸಿ ಇದ್ದರೆ ಗೋಡೆಗೆ ಹಾಕುವ ದೊಡ್ಡ ಫೋಟೋಗೂ ಚೆನ್ನ. ನಿಂತ ನಿಲುವಿನಲ್ಲೇ ಪಾಸ್‌ಪೋರ್ಟ್ ಫೋಟೋ ಕೊಡುವ ಸಣ್ಣ ಪೆಟ್ಟಿಗೆ ಬಣ್ಣವನ್ನು ಶಾಖದಿಂದ ಕಾಗದಕ್ಕೆ ಅಂಟಿಸುತ್ತೆ. ಸಣ್ಣ ಅಳತೆಗೆ ಅಡ್ಡಿಯಿಲ್ಲ. ಮಾಮೂಲಿ ಕಾಗದದ ಕಲರ್ ಜೆರಾಕ್ಸ್ ಮಾತ್ರ ಬೇಡ. ಅದು ಅರ್ಜಿಗೆ ಸರಿ, ಅಪ್ಪನ ಫೋಟೋಗಲ್ಲ.

ಆಲ್ಬಮ್ಮಿಗೆ ಮ್ಯಾಟ್ ಕಾಗದ ತೆಗೆದುಕೊಂಡರೆ ಬೆರಳಚ್ಚು ಕೂರೋದಿಲ್ಲ. ಫ್ರೇಮಿನಲ್ಲಿ ಫೋಟೋ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚು ಹಾಕಿಸಿ. ಇಲ್ಲದಿದ್ದರೆ ನಮ್ಮ ಮಳೆಗಾಲದ ತೇವಕ್ಕೆ ಗಾಜಿಗೇ ಕಚ್ಚಿಕೊಳ್ಳುತ್ತೆ. ನೇರ ಬಿಸಿಲು ಬೀಳುವ ಗೋಡೆ ಬೇಡ. ಅಂಟು ಹಾಳೆಯ ಆಲ್ಬಮ್ಮೂ ಬೇಡ. ಹಿಂದೆ ಮೆತ್ತಗೆ ಹೆಸರು, ಊರು, ತಾರೀಖು ಬರೆಯಿರಿ. ಹೆಸರಿಲ್ಲದ ಫೋಟೋ ಮೊಮ್ಮಕ್ಕಳ ಕಾಲಕ್ಕೆ ಯಾರದೋ ಆಗಿಹೋಗುತ್ತೆ.

ಖರ್ಚೇನೂ ಭಾರಿಯಲ್ಲ. ಹೋಟೆಲಿನ ಒಂದು ಮಸಾಲೆ ದೋಸೆ, ಕಾಫಿಯ ದುಡ್ಡಿಗೆ ನಾಲ್ಕಾರು 4×6 ಬರುತ್ತೆ.

ಕೇಳಿ ಹಿಡಿಯಿರಿ, ಹಿಡಿದದ್ದು ಕೊಡಿ

ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಜ್ಜಿಯೊಬ್ಬರಿದ್ದಾರೆ. "ಒಂದು ಫೋಟೋ ತೆಗೀಲಾ ಅಜ್ಜಿ?" ಅಂದೆ. ನಕ್ಕರು. "ಅದ್ಯಾಕ್ ಕೇಳೀಯಪ್ಪ, ದಿನಾ ಯಾರ್‌ಯಾರೋ ಬಂದು ತಕ್ಕೊಂಡೋಯ್ತಾರೆ. ಫಾರಿನ್‌ನೋರೂ ತಕ್ಕೊಂಡವ್ರೆ. ಒಂದ್ನಾದ್ರೂ ನಾನು ಕಣ್ಣಲ್ಲಿ ಕಂಡಿಲ್ಲ" ಅಂದರು.

ಎಷ್ಟು ದೇಶದ ಫೋನಿನಲ್ಲಿ ಅಜ್ಜಿ ಇದ್ದಾರೋ! ಅವರ ಮನೆಯಲ್ಲಿ ಇಲ್ಲ. ಮರುವಾರ 6×8 ಒಂದು ಹಾಕಿಸಿ ಕೊಟ್ಟೆ. ಕೈ ಒರೆಸಿಕೊಂಡು ಈಸಿಕೊಂಡರು, ದೂರ ಹಿಡಿದರು, ಹತ್ತಿರ ಹಿಡಿದರು. "ಕೈ ಚೆಂದಾಗಿ ಬಂದದೆ" ಅಂದು ಹೂವಿನ ಬುಟ್ಟಿಯ ಪಕ್ಕ, ನೀರು ತಾಗದ ಕಡೆ ಇಟ್ಟರು. ಅರ್ಧ ಮೊಳ ಮಲ್ಲಿಗೆ ಜಾಸ್ತಿ ಬಂತು ಎಂಬುದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಪಾಲಿಕೆಯವರಲ್ಲಿ ಒಂದು ಅರಿಕೆ. ದಸರಾದಲ್ಲಿ ಏನೇನೋ ಪ್ರದರ್ಶನ ಇಡುತ್ತೀರಿ. ಪುರಭವನದಲ್ಲಿ ಹತ್ತು ದಿನ ಒಂದು ಗೋಡೆ ಕೊಡಿ. ಅಂಗಡಿಯವರು, ಬಸ್ಸಿನವರು, ಹೂವಿನವರು ತಮ್ಮ ತಮ್ಮ ಹಳೇ ಫೋಟೋ ತಂದು ತೂಗುಹಾಕಲಿ. ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದಂಗಡಿಯದು ಯಾರ ಟ್ರಂಕಿನಲ್ಲಿದೆಯೋ ಆಗ ಗೊತ್ತಾಗುತ್ತೆ.

ಅಲ್ಲಿಯವರೆಗೆ ನಮ್ಮ ಪಾಡಿನ ಕೆಲಸ ನಾವು ಮಾಡೋಣ. ಈ ಭಾನುವಾರ ಫೋನಿನೊಳಗಿನ ಸಾವಿರಾರು ಫೋಟೋಗಳಲ್ಲಿ ಹತ್ತು ಆರಿಸಿ. ಒಂದು ಅಪ್ಪ ಅಮ್ಮನದಿರಲಿ, ಒಂದು ಅಂಗಡಿಯದಿರಲಿ, ಒಂದು ನಿಮ್ಮ ಬೀದಿಯದಿರಲಿ. ಸೋಮವಾರ ಬಸ್ಸು ಹತ್ತುವ ಮುಂಚೆ ಸ್ಟುಡಿಯೋಗೆ ಕೊಟ್ಟು ಹೋದರೆ ಸಂಜೆ ಬರುವಾಗ ಕೈಗೆ ಸಿಗುತ್ತೆ. ಒರಿಜಿನಲ್ಲೇ ಕೊಡಿ, ಡಿಪಿ ಬೇಡ.