ದೀರ್ಘಕಾಲ ನಡೆಯುವ ಗಣಕಗಳಲ್ಲಿ ಕಾಲದೋಷ ಮತ್ತು ಅದರ ಪರಿಹಾರ

ಕಾಲವನ್ನು ಅಳೆಯಬೇಕೆಂಬ ಹಂಬಲವು ಮಾನವನ ನಾಗರಿಕತೆಯಷ್ಟೇ ಪ್ರಾಚೀನವಾದುದು. ನಮ್ಮ ಹಿರಿಯರು ಅಹೋರಾತ್ರವನ್ನು ೬೦ ಘಟಿಗಳಾಗಿಯೂ, ಒಂದು ಘಟಿಯನ್ನು ೬೦ ವಿಘಟಿಗಳಾಗಿಯೂ ವಿಭಾಗಿಸಿದ್ದರು. ತಳದಲ್ಲಿ ಸೂಕ್ಷ್ಮರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವಷ್ಟು ಅವಧಿಯನ್ನು ಒಂದು ಗಳಿಗೆ, ಎಂದರೆ ಇಂದಿನ ೨೪ ನಿಮಿಷ, ಎಂದು ಎಣಿಸುತ್ತಿದ್ದರು. ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ವಿವಾಹ ಮುಹೂರ್ತವನ್ನು ಅರಿಯಲೆಂದು ಇಟ್ಟಿದ್ದ ಇಂಥದೇ ಬಟ್ಟಲಿಗೆ ಆಕೆಯ ಆಭರಣದ ಮುತ್ತೊಂದು ಬಿದ್ದು, ರಂಧ್ರ ಮುಚ್ಚಿ, ಮುಹೂರ್ತವೇ ಮೀರಿಹೋಯಿತೆಂಬ ಐತಿಹ್ಯವನ್ನು ಕೇಳದವರು ವಿರಳ. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಅದರೊಳಗಿನ ತತ್ತ್ವ ಮಾತ್ರ ನಿತ್ಯಸತ್ಯ. ಕಾಲಯಂತ್ರ ಕೆಟ್ಟಾಗ ಸದ್ದು ಮಾಡುವುದಿಲ್ಲ. ಅದನ್ನು ನಂಬಿ ಕುಳಿತವರಿಗೆ ಮುಹೂರ್ತ ತಪ್ಪಿದ ಮೇಲಷ್ಟೇ ಅರಿವಾಗುತ್ತದೆ.

ಇಂದು ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಯ ದಾಖಲೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ಸರ್ವರ್ ಎಂಬ ಗಣಕಯಂತ್ರಗಳ ವಶದಲ್ಲಿವೆ. ಅವು ಹಗಲಿರುಳೆನ್ನದೆ ತಿಂಗಳುಗಟ್ಟಲೆ ನಡೆಯುತ್ತಿರುತ್ತವೆ. ಪ್ರತಿಯೊಂದು ವ್ಯವಹಾರಕ್ಕೂ ಅವು ಹೊತ್ತಿನ ಮುದ್ರೆಯನ್ನು ಒತ್ತುತ್ತವೆ. ಆ ಮುದ್ರೆಯೇ ತಪ್ಪಾದರೆ ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮವೇ ಕೆಟ್ಟುಹೋಗುತ್ತದೆ. ಆದುದರಿಂದ ಈ ದೋಷದ ಮೂಲವನ್ನೂ ಪರಿಹಾರವನ್ನೂ ಸ್ಥೂಲವಾಗಿಯಾದರೂ ತಿಳಿದಿರುವುದು ಉಚಿತ.

ಗಣಕವು ಕಾಲವನ್ನು ಎಣಿಸುವ ಬಗೆ

ಗಣಕಯಂತ್ರದಲ್ಲಿ ಎರಡು ಗಡಿಯಾರಗಳಿರುತ್ತವೆ. ಒಂದು, ಯಂತ್ರವನ್ನು ಆರಿಸಿದಾಗಲೂ ಪುಟ್ಟ ಬ್ಯಾಟರಿಯ ಬಲದಿಂದ ನಡೆಯುವಂಥದು. ಇದರೊಳಗಿನ ಕ್ವಾರ್ಟ್ಸ್ ಸ್ಫಟಿಕವು ಸಾಮಾನ್ಯವಾಗಿ ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ ಹದಿನೈದನೆಯ ಘಾತದಲ್ಲಿ ಈ ಸಂಖ್ಯೆ ದೊರೆಯುವುದರಿಂದ, ಹದಿನೈದು ಬಾರಿ ಅರ್ಧಿಸಿದರೆ ಸರಿಯಾಗಿ ಒಂದು ಸೆಕೆಂಡು ಸಿದ್ಧಿಸುತ್ತದೆ. ಇನ್ನೊಂದು, ಯಂತ್ರವು ಎಚ್ಚರಗೊಂಡಾಗ ಮೊದಲನೆಯದನ್ನು ಒಮ್ಮೆ ನೋಡಿಕೊಂಡು, ಅಲ್ಲಿಂದ ಮುಂದೆ ಬೇರೊಂದು ಸ್ಫಟಿಕದ ಮಿಡಿತಗಳನ್ನು ತಾನೇ ಎಣಿಸುತ್ತ ಸಾಗುವಂಥದು. ಸರ್ವರಿನ ವ್ಯವಹಾರವೆಲ್ಲ ನಡೆಯುವುದು ಈ ಎರಡನೆಯದನ್ನು ಆಶ್ರಯಿಸಿ.

ದೋಷದ ಮೂರು ಮೂಲಗಳು

ಮೊದಲನೆಯದು ಸ್ಫಟಿಕದ ಸ್ವಭಾವದೋಷ. ಎರಡು ಸ್ಫಟಿಕಗಳು ಒಂದೇ ಪ್ರಕಾರವಾಗಿ ಕಂಪಿಸಲಾರವು. ಉಷ್ಣತೆ ಬದಲಾದರೆ, ವಯಸ್ಸು ಏರಿದರೆ, ಕಂಪನವೂ ವ್ಯತ್ಯಾಸಗೊಳ್ಳುತ್ತದೆ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪು ಅತ್ಯಲ್ಪವೆಂದು ತೋರಬಹುದು. ಆದರೆ ದಿನಕ್ಕೆ ೮೬,೪೦೦ ಸೆಕೆಂಡುಗಳಿರುವುದರಿಂದ ಅದು ದಿನವೊಂದಕ್ಕೆ ೧.೭ ಸೆಕೆಂಡಿನಷ್ಟಾಗಿ, ತಿಂಗಳಿಗೆ ಹತ್ತಿರ ಹತ್ತಿರ ಒಂದು ನಿಮಿಷವಾಗುತ್ತದೆ.

ಎರಡನೆಯದು ಎಣಿಕೆಯ ಪಾತ್ರೆ ತುಂಬಿಹೋಗುವ ದೋಷ. ಗಣಕವು ಸಂಖ್ಯೆಗೆ ಇಷ್ಟೇ ಮನೆಗಳೆಂದು ಮೊದಲೇ ಗೊತ್ತುಮಾಡಿರುತ್ತದೆ. ೩೨ ಮನೆಗಳ ಪಾತ್ರೆಯಲ್ಲಿ ಮಿಲಿಸೆಕೆಂಡುಗಳನ್ನು ಎಣಿಸಿದರೆ ೪೯.೭ ದಿನಗಳಲ್ಲಿಯೂ, ನೂರರಲ್ಲೊಂದು ಸೆಕೆಂಡನ್ನು ಎಣಿಸಿದರೆ ೪೯೭ ದಿನಗಳಲ್ಲಿಯೂ ಅದು ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಬೋಯಿಂಗ್ ೭೮೭ ವಿಮಾನವನ್ನು ೨೪೮ ದಿನ ಎಡೆಬಿಡದೆ ವಿದ್ಯುತ್ತಿನಲ್ಲಿಟ್ಟರೆ ಅದರ ಜನರೇಟರುಗಳ ನಿಯಂತ್ರಕಗಳೆಲ್ಲ ಒಮ್ಮೆಗೇ ನಿಂತುಹೋಗಬಹುದೆಂದು ೨೦೧೫ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಎಚ್ಚರಿಸಿ, ಆ ಗಡುವಿಗೆ ಮುನ್ನವೇ ವಿದ್ಯುತ್ತನ್ನು ಆರಿಸಿ ಮತ್ತೆ ಹಚ್ಚಬೇಕೆಂದು ವಿಧಿಸಿತು. ೧೯೭೦ರ ಜನವರಿ ೧ರಿಂದ ಸೆಕೆಂಡುಗಳನ್ನು ೩೨ ಮನೆಗಳಲ್ಲಿ ಎಣಿಸುತ್ತಿರುವ ಹಳೆಯ ಗಣಕಗಳ ಪಾತ್ರೆ ೨೦೩೮ರ ಜನವರಿ ೧೯ರಂದು, ಭಾರತೀಯ ಕಾಲಮಾನದ ಪ್ರಕಾರ ಬೆಳಿಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ, ತುಂಬಲಿದೆ. ೬೪ ಮನೆಗಳ ಪಾತ್ರೆಯನ್ನು ಅಳವಡಿಸುವುದೇ ಇದಕ್ಕೆ ಪರಿಹಾರ.

ಮೂರನೆಯದು ಗಣಿತದ ಶೇಷದೋಷ. ದಶಮಾನ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವನ್ನು ಬರೆಯಹೊರಟರೆ ೦.೩೩೩ ಎಂದು ಕೊನೆಯಿಲ್ಲದೆ ಸಾಗುವಂತೆ, ಗಣಕದ ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವೂ ಕೊನೆಗಾಣದು. ಎಲ್ಲಿಯಾದರೂ ಕತ್ತರಿಸಲೇಬೇಕು, ಕತ್ತರಿಸಿದ ತುಣುಕು ಪ್ರತಿ ಎಣಿಕೆಯಲ್ಲಿಯೂ ನಷ್ಟವಾಗುತ್ತದೆ.

ಧಹ್ರಾನಿನ ದುರಂತ

ಆ ತುಣುಕಿನ ಬೆಲೆ ಎಷ್ಟೆಂಬುದನ್ನು ಜಗತ್ತು ೧೯೯೧ರ ಫೆಬ್ರವರಿ ೨೫ರಂದು ಕಂಡಿತು. ಕೊಲ್ಲಿ ಯುದ್ಧದ ಸಂದರ್ಭದಲ್ಲಿ ಸೌದಿ ಅರೇಬಿಯದ ಧಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ನಿರೋಧಕ ದಳವೊಂದು ಕಾವಲಿತ್ತು. ಅದರ ಗಣಕವು ಹತ್ತರಲ್ಲೊಂದು ಸೆಕೆಂಡಿನ ಲೆಕ್ಕದಲ್ಲಿ ಕಾಲವನ್ನು ಎಣಿಸಿ, ೨೪ ಮನೆಗಳಿಗೆ ಕತ್ತರಿಸಿದ ಸಂಖ್ಯೆಯಿಂದ ಗುಣಿಸಿ ಸೆಕೆಂಡನ್ನು ಪಡೆಯುತ್ತಿತ್ತು. ಒಂದೊಂದು ಎಣಿಕೆಗೆ ಆಗುತ್ತಿದ್ದ ತಪ್ಪು ಸುಮಾರು ೦.೦೦೦೦೦೦೦೯೫ ಸೆಕೆಂಡು. ಆದರೆ ಯಂತ್ರವು ನೂರು ಗಂಟೆಗಳಿಗೂ ಮೀರಿ ವಿರಾಮವಿಲ್ಲದೆ ನಡೆದಿತ್ತು. ನೂರು ಗಂಟೆಯಲ್ಲಿ ಅಂಥ ಎಣಿಕೆಗಳು ೩೬ ಲಕ್ಷ. ಕೂಡಿದ ತಪ್ಪು ೦.೩೪ ಸೆಕೆಂಡು. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ವೇಗದಿಂದ ಬರುವ ಸ್ಕಡ್ ಕ್ಷಿಪಣಿಯನ್ನು ಹುಡುಕುವಲ್ಲಿ ಅಷ್ಟು ತಪ್ಪು ಅರ್ಧ ಕಿಲೋಮೀಟರನ್ನೂ ಮೀರುತ್ತದೆ. ಗಣಕವು ಆಕಾಶದಲ್ಲಿ ಬೇರೆಡೆ ನೋಡಿ, ಅಲ್ಲಿ ಏನೂ ಇಲ್ಲವೆಂದು ತಿಳಿಯಿತು. ಕ್ಷಿಪಣಿ ಸೈನಿಕರ ವಸತಿಯ ಮೇಲೆ ಬಿದ್ದು ೨೮ ಮಂದಿ ಮೃತರಾದರು.

ಮನಸ್ಸನ್ನು ಹೆಚ್ಚು ನೋಯಿಸುವ ಸಂಗತಿ ಇನ್ನೊಂದಿದೆ. ಎಂಟು ಗಂಟೆ ನಡೆದೊಡನೆ ಈ ಯಂತ್ರದ ನೋಟ ಸರಿಯತೊಡಗುತ್ತದೆಂದು ಇಸ್ರೇಲಿನವರು ಎರಡು ವಾರ ಮೊದಲೇ ತಿಳಿಸಿದ್ದರು. ಬಹಳ ಹೊತ್ತು ನಡೆಸಿದರೆ ತೊಂದರೆಯೆಂಬ ಸೂಚನೆಯೂ ದಳಗಳಿಗೆ ಹೋಗಿತ್ತು. ಆದರೆ ಬಹಳ ಹೊತ್ತೆಂದರೆ ಎಷ್ಟು ಎಂಬುದನ್ನು ಅದರಲ್ಲಿ ಹೇಳಿರಲಿಲ್ಲ. ತಿದ್ದಿದ ಕ್ರಮವಿಧಿ ಧಹ್ರಾನನ್ನು ತಲಪಿದ್ದು ಮರುದಿನ, ಫೆಬ್ರವರಿ ೨೬ರಂದು. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದ್ದರೂ ಆ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತಿತ್ತು.

ಪರಿಹಾರಮಾರ್ಗ

ತನ್ನ ಗಡಿಯಾರವನ್ನು ತಾನೇ ನಂಬಬಾರದು. ಬಲ್ಲವರನ್ನು ಕೇಳಿ ತಿದ್ದಿಕೊಳ್ಳಬೇಕು. ಈ ತತ್ತ್ವದ ಮೇಲೆ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಎಂಬ ವಿದ್ವಾಂಸರು ‘ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್’ ಎಂಬ ಪದ್ಧತಿಯನ್ನು ರೂಪಿಸಿದರು. ೧೯೮೫ರಲ್ಲಿ ಪ್ರಕಟವಾದ ಈ ಪದ್ಧತಿಯೇ ಇಂದು ಜಗತ್ತಿನಾದ್ಯಂತ ರೂಢಿಯಲ್ಲಿದೆ. ಮಿಲ್ಸ್ ಅವರು ೨೦೨೪ರಲ್ಲಿ ತೀರಿಕೊಂಡರು. ಇದರಲ್ಲಿ ಪರಮಾಣು ಗಡಿಯಾರವೇ ಮೂಲಗುರು. ಅದರಿಂದ ನೇರವಾಗಿ ಕಲಿತ ಗಣಕಗಳು ಮೊದಲ ಶ್ರೇಣಿ, ಅವುಗಳಿಂದ ಕಲಿತವು ಎರಡನೆಯ ಶ್ರೇಣಿ. ಹೀಗೆ ಗುರುಪರಂಪರೆಯಂತೆ ಕಾಲವು ಇಳಿದುಬರುತ್ತದೆ.

ಸಂದೇಶವು ದಾರಿಯಲ್ಲಿ ಕಳೆಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದರಲ್ಲಿಯೇ ಇದರ ಜಾಣ್ಮೆಯಿದೆ. ಶಿಷ್ಯ ಗಣಕವು ತನ್ನ ಗಡಿಯಾರದ ೦ ಮಿಲಿಸೆಕೆಂಡಿನಲ್ಲಿ ಪ್ರಶ್ನೆ ಕಳುಹಿಸಿತೆನ್ನೋಣ. ಗುರುವಿನ ಗಡಿಯಾರದಲ್ಲಿ ಅದು ೧೪೦ಕ್ಕೆ ಮುಟ್ಟಿ, ೧೫೦ಕ್ಕೆ ಉತ್ತರ ಹೊರಟು, ಶಿಷ್ಯನ ೯೦ಕ್ಕೆ ಕೈಸೇರಿತು. ಒಟ್ಟು ೯೦ರಲ್ಲಿ ಗುರುವಿನ ಬಳಿ ಕಳೆದ ೧೦ನ್ನು ಕಳೆದರೆ ದಾರಿಗೆ ಹಿಡಿದದ್ದು ೮೦. ಒಂದು ಕಡೆಗೆ ೪೦. ಆದುದರಿಂದ ಪ್ರಶ್ನೆ ಹೊರಟಾಗ ಗುರುವಿನ ಗಡಿಯಾರದಲ್ಲಿ ೧೦೦ ಆಗಿತ್ತು. ಶಿಷ್ಯನು ೧೦೦ ಮಿಲಿಸೆಕೆಂಡು ಹಿಂದಿದ್ದಾನೆ. ಹೋಗುವ ದಾರಿಯೂ ಬರುವ ದಾರಿಯೂ ಸಮವೆಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಗುರುಗಳು ಇಬ್ಬರೇ ಇದ್ದು ಅವರ ಮಾತು ಭಿನ್ನವಾದರೆ ಯಾರು ಸರಿಯೆಂದು ನಿರ್ಣಯಿಸಲಾಗದು; ಆದಕಾರಣ ನಾಲ್ಕು ಮೂಲಗಳನ್ನಾದರೂ ಇಟ್ಟುಕೊಳ್ಳಬೇಕೆಂಬುದು ಬಲ್ಲವರ ಮತ.

ತಪ್ಪು ತಿಳಿದ ಮಾತ್ರಕ್ಕೆ ಮುಳ್ಳನ್ನು ತಟ್ಟನೆ ತಿರುಗಿಸುವುದು ಸಲ್ಲದು. ಹಿಂದಕ್ಕೆ ತಿರುಗಿಸಿದರೆ ಒಮ್ಮೆ ಮುಗಿದ ಕೆಲಸ ಮತ್ತೊಮ್ಮೆ ನಡೆದೀತು. ಹಣ ಕಟ್ಟಿದ ರಸೀದಿಗೆ ಹಣ ಕಟ್ಟುವುದಕ್ಕಿಂತ ಹಿಂದಿನ ಹೊತ್ತು ಬಿದ್ದೀತು. ಮುಂದಕ್ಕೆ ತಿರುಗಿಸಿದರೆ ನಡುವಿನ ಕೆಲಸ ತಪ್ಪಿಹೋದೀತು. ಆದುದರಿಂದ ಗಡಿಯಾರದ ಓಟವನ್ನೇ ಹತ್ತು ಲಕ್ಷಕ್ಕೆ ೫೦೦ರಷ್ಟು ಹೆಚ್ಚಿಸಿ ಅಥವಾ ತಗ್ಗಿಸಿ ಮೆಲ್ಲನೆ ಸರಿಪಡಿಸುತ್ತಾರೆ. ಈ ವೇಗದಲ್ಲಿ ಒಂದು ಸೆಕೆಂಡಿನ ತಪ್ಪನ್ನು ತಿದ್ದಲು ೨,೦೦೦ ಸೆಕೆಂಡು, ಎಂದರೆ ಅರ್ಧ ಗಂಟೆಗಿಂತ ಕೊಂಚ ಹೆಚ್ಚು, ಹಿಡಿಯುತ್ತದೆ. ಸಾವಿರ ಸೆಕೆಂಡಿಗಿಂತ ಹೆಚ್ಚಿನ ಅಂತರ ಕಂಡರೆ ಈ ಕ್ರಮವಿಧಿಯು ತಿದ್ದಲೊಪ್ಪದೆ ನಿಂತುಬಿಡುತ್ತದೆ. ಅಷ್ಟು ದೊಡ್ಡ ತಪ್ಪನ್ನು ಮನುಷ್ಯನೇ ಪರಿಶೀಲಿಸಲಿ ಎಂಬುದು ಅದರ ಆಶಯ. ಇಷ್ಟಲ್ಲದೆ, ಎಷ್ಟು ಹೊತ್ತಾಯಿತೆಂದು ಅಳೆಯಲು ಎಂದಿಗೂ ಹಿಂದಕ್ಕೆ ಹೋಗದ ಪ್ರತ್ಯೇಕ ಎಣಿಕೆಯನ್ನೇ ಬಳಸಬೇಕು, ಗೋಡೆಯ ಗಡಿಯಾರವನ್ನಲ್ಲ.

ನಮ್ಮ ದೇಶದ ಕಾಲಮಾನವನ್ನು ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳ ನೆರವಿನಿಂದ ಕಾಪಾಡುತ್ತಿದೆ. ಸಂಸ್ಥೆಗಳು ತಮ್ಮ ಗಣಕಗಳನ್ನು ಆ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಕಾಲಕ್ಕೆ ಹೊಂದಿಸಿಕೊಳ್ಳಬೇಕೆಂದು ೨೦೨೨ರ ಏಪ್ರಿಲ್ ೨೮ರಂದು ಕೇಂದ್ರ ಸರ್ಕಾರದ ಗಣಕ ಸುರಕ್ಷತಾ ಸಂಸ್ಥೆಯು ನಿರ್ದೇಶನ ನೀಡಿತು.

ಅಧಿಕ ಸೆಕೆಂಡು

ಚಾಂದ್ರಮಾನ ಸೌರಮಾನಗಳನ್ನು ಹೊಂದಿಸಲು ಅಧಿಕಮಾಸ ಬರುವಂತೆ, ಭೂಮಿಯ ಭ್ರಮಣಕ್ಕೂ ಪರಮಾಣು ಕಾಲಕ್ಕೂ ಹೊಂದಿಕೆ ತರಲು ೧೯೭೨ರಿಂದ ೨೦೧೬ರವರೆಗೆ ೨೭ ಅಧಿಕ ಸೆಕೆಂಡುಗಳನ್ನು ಸೇರಿಸಲಾಯಿತು. ಅಧಿಕಮಾಸವನ್ನು ಪಂಚಾಂಗ ಬಲ್ಲದು. ಅಧಿಕ ಸೆಕೆಂಡನ್ನು ಅನೇಕ ಗಣಕಗಳು ಬಲ್ಲವಲ್ಲ. ೨೦೧೨ರ ಜೂನ್ ೩೦ರ ಸೆಕೆಂಡಿನಿಂದ ಲಿನಕ್ಸ್ ವ್ಯವಸ್ಥೆಯ ಸರ್ವರುಗಳು ಹಲವೆಡೆ ತತ್ತರಿಸಿದವು. ೨೦೧೬ರ ಕೊನೆಯ ಸೆಕೆಂಡು ಸೇರಿದಾಗ, ಕಾಲವು ಹಿಂದಕ್ಕೆ ಸರಿಯದೆಂದು ನಂಬಿದ್ದ ಕ್ಲೌಡ್‌ಫ್ಲೇರ್ ಸಂಸ್ಥೆಯ ಕ್ರಮವಿಧಿಗೆ ಋಣಸಂಖ್ಯೆ ಎದುರಾಗಿ ಸೇವೆಗೆ ಅಡ್ಡಿಯಾಯಿತು. ಒಂದು ಸೆಕೆಂಡನ್ನು ಹಲವು ಗಂಟೆಗಳ ಮೇಲೆ ತೆಳುವಾಗಿ ಹಂಚುವ ಉಪಾಯವನ್ನು ಗೂಗಲ್ ಮೊದಲಾದವರು ಅನುಸರಿಸಿದರು. ೨೦೩೫ರೊಳಗೆ ಈ ಪದ್ಧತಿಯನ್ನು ಬದಲಿಸಬೇಕೆಂದು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು ೨೦೨೨ರಲ್ಲಿ ನಿರ್ಣಯಿಸಿತು.

ಉಪಸಂಹಾರ

ಯಂತ್ರವನ್ನು ಆಗಾಗ ಆರಿಸಿ ಹಚ್ಚುವುದರಿಂದ ಹಲವು ದೋಷಗಳು ಮರೆಯಾಗುತ್ತವೆ, ಮಾಯವಾಗುವುದಿಲ್ಲ. ಯಾವ ದೋಷ ಎಷ್ಟು ಹೊತ್ತಿಗೆ ಎಷ್ಟು ಬೆಳೆಯುತ್ತದೆಂದು ಲೆಕ್ಕ ಹಾಕಿ, ಅದನ್ನು ಸ್ಪಷ್ಟವಾದ ಅಂಕಿಯಲ್ಲಿ ಸಂಬಂಧಪಟ್ಟವರಿಗೆ ತಿಳಿಸುವುದೇ ನಿಜವಾದ ಜಾಗರೂಕತೆ. ಬಹಳ ಹೊತ್ತೆಂಬ ಮಾತಿನ ಬದಲು ಎಂಟು ಗಂಟೆಯೆಂಬ ಮಾತು ಧಹ್ರಾನಿಗೆ ತಲಪಿದ್ದರೆ ಆ ೨೮ ಜೀವಗಳು ಉಳಿಯುವ ಸಂಭವವಿತ್ತು. ಸೂಕ್ಷ್ಮವಾದ ತಪ್ಪನ್ನು ಅಲಕ್ಷಿಸದಿರುವುದು, ತಿಳಿದುದನ್ನು ಅಳತೆಯಿಟ್ಟು ಹೇಳುವುದು—ಗಣಿತದ ತರಗತಿಯಲ್ಲಿ ವಿದ್ಯಾರ್ಥಿಗೆ ಕಲಿಸುವ ಈ ಎರಡು ಶಿಸ್ತುಗಳ ಮೇಲೆಯೇ ಇಂದಿನ ಮಹಾಯಂತ್ರಗಳ ನಂಬಿಕೆಯೆಲ್ಲ ನಿಂತಿದೆ.