ವಿಷ್ಣುಕ್ರಾಂತಿ: ಒಂದು ಶಬ್ದಾರ್ಥವಿಚಾರ

ಗಣೇಶಚತುರ್ಥಿಯಂದು ಅರ್ಪಿಸುವ ಇಪ್ಪತ್ತೊಂದು ಪತ್ರಗಳಲ್ಲಿ ವಿಷ್ಣುಕ್ರಾಂತಪತ್ರವೂ ಒಂದಷ್ಟೆ. ಆ ಪತ್ರವು ಯಾವ ಗಿಡದ್ದೆಂದು ವಿಚಾರಿಸಿದರೆ ಎರಡು ಉತ್ತರಗಳು ದೊರೆಯುವುವು. ಕೆಲವರು ನೆಲದ ಮೇಲೆ ಹರಡುವ ಕಿರುಮೂಲಿಕೆಯನ್ನು ತೋರಿಸುವರು. ಕೆಲವರು ಬೇಲಿಗೆ ಹಬ್ಬುವ ಗಿರಿಕರ್ಣಿಕೆಯ ಬಳ್ಳಿಯನ್ನು ತೋರಿಸುವರು. ಎರಡಕ್ಕೂ ನೀಲಪುಷ್ಪವೇ. ಈ ಭೇದವನ್ನರಿಯದೆ ಅರ್ಥ ಹೇಳಿದರೆ ಪಾಠದಲ್ಲಿ ಪ್ರಮಾದವುಂಟಾಗುವುದು. ಔಷಧದಲ್ಲಾದರೋ ಒಂದಕ್ಕೆ ಬದಲಾಗಿ ಇನ್ನೊಂದು ರೋಗಿಯ ಕೈಸೇರುವುದು. ಆದುದರಿಂದ ಇದನ್ನು ಸ್ವಲ್ಪ ವಿಮರ್ಶಿಸತಕ್ಕುದು.

ಕನ್ನಡನಾಡಿನಲ್ಲಿ ವಿಷ್ಣುಕ್ರಾಂತಿಯೆಂದು ರೂಢವಾಗಿರುವುದು ಮೊದಲನೆಯ ಮೂಲಿಕೆ. ಇದು ಬಹುವರ್ಷಜೀವಿ. ಬುಡದಿಂದ ತೆಳುವಾದ ಕವಲುಗಳು ಹಲವು ಹೊರಟು ನೆಲದ ಮೇಲೆ ಪಸರಿಸುವುವು. ಎಲೆಗಳು ಕಿರಿದು, ಮೃದುರೋಮಗಳಿಂದ ಕೂಡಿದವು. ಹೂವು ಅರ್ಧ ಅಂಗುಲಕ್ಕಿಂತಲೂ ಚಿಕ್ಕದು, ಚಕ್ರಾಕಾರವಾದುದು. ಗಿರಿಕರ್ಣಿಕೆಯಾದರೋ ಅವರೆಯ ಕುಲದ್ದು. ಸುತ್ತಿಕೊಂಡು ಮೇಲೇರುವುದು, ಒಂದೊಂದು ಎಲೆಯಲ್ಲಿ ಹಲವು ದಳಗಳು, ಕಾಯಿ ಚಪ್ಪಟೆಯಾದ ಕೋಡು.

ಅಮರಸಿಂಹನು ವನೌಷಧಿವರ್ಗದಲ್ಲಿ ಆಸ್ಫೋಟಾ, ಗಿರಿಕರ್ಣೀ, ವಿಷ್ಣುಕ್ರಾಂತಾ, ಅಪರಾಜಿತಾ ಎಂಬ ನಾಲ್ಕನ್ನೂ ಪರ್ಯಾಯಗಳೆಂದು ಹೇಳಿರುವನು. ಇದರಿಂದ ಅಮರಕೋಶವನ್ನು ಅನುಸರಿಸುವ ವ್ಯಾಖ್ಯಾನಗಳಲ್ಲಿ ವಿಷ್ಣುಕ್ರಾಂತೆಯೆಂದರೆ ಗಿರಿಕರ್ಣಿಕೆಯೆಂದು ಗ್ರಹಿಸುವುದು ನ್ಯಾಯ್ಯ. ಆದರೆ ಕೋಶಾರ್ಥವೊಂದೇ ಲೋಕರೂಢಿಯನ್ನು ಅಳಿಸಲಾರದು. ಕೇರಳದಲ್ಲಿ ದಶಪುಷ್ಪಗಳಲ್ಲಿ ಸೇರಿದ ವಿಷ್ಣುಕ್ರಾಂತಿಯೂ ನೆಲದ ಮೂಲಿಕೆಯೇ.

ವ್ಯುತ್ಪತ್ತಿಯನ್ನು ನೋಡೋಣ. 'ಕ್ರಮು' ಧಾತುವಿನಿಂದಾದ 'ಕ್ರಾಂತಾ' ಎಂಬುದಕ್ಕೆ ಮೆಟ್ಟಲ್ಪಟ್ಟವಳೆಂದು ಅರ್ಥ. ವಿಷ್ಣುವಿನಿಂದ ಕ್ರಾಂತೆಯಾದವಳೆಂದು ತೃತೀಯಾ ತತ್ಪುರುಷ. ತ್ರಿವಿಕ್ರಮನ ಪಾದನ್ಯಾಸವು ಇಲ್ಲಿ ಸ್ಮರಣೆಗೆ ಬರುವುದು. ಈ ಅರ್ಥವು ನೆಲಕ್ಕಂಟಿದ ಮೂಲಿಕೆಗೆ ಹೆಚ್ಚು ಒಪ್ಪುವುದೆಂದು ನನಗೆ ತೋರುವುದು. ಆದರೂ ವ್ಯುತ್ಪತ್ತಿಮಾತ್ರದಿಂದ ನಿರ್ಣಯವಾಗದು. ಇಕಾರಾಂತರೂಪವನ್ನು ಕಂಡು 'ವಿಷ್ಣುವಿನ ಕ್ರಾಂತಿ'ಯೆಂದು, ಇಂದಿನ ರಾಜಕೀಯಾರ್ಥದಲ್ಲಿ, ವಿದ್ಯಾರ್ಥಿಗಳು ಬಿಡಿಸದಂತೆ ಉಪಾಧ್ಯಾಯರು ಎಚ್ಚರವಹಿಸಬೇಕು.

ಪಾಶ್ಚಾತ್ಯ ನಾಮಕರಣದ ಕಥೆಯೂ ಇದಕ್ಕೆ ಅನುಕೂಲವಾದುದು. ಲಿನೇಯಸ್ ಪಂಡಿತನು 1753ರಲ್ಲಿ ಈ ಮೂಲಿಕೆಯನ್ನು ಕನ್ವಾಲ್ವುಲಸ್ ಎಂಬ ಗಣದಲ್ಲಿಟ್ಟು, 1762ರಲ್ಲಿ ಇವಾಲ್ವುಲಸ್ ಗಣಕ್ಕೆ ಸೇರಿಸಿದನು. ಮೊದಲನೆಯ ಹೆಸರಿನ ಲ್ಯಾಟಿನ್ ಮೂಲಕ್ಕೆ ಸುತ್ತಿಕೊಳ್ಳುವುದೆಂದೂ ಎರಡನೆಯದಕ್ಕೆ ಸುತ್ತು ಬಿಚ್ಚುವುದೆಂದೂ ಅರ್ಥ. ಬಳ್ಳಿಗಳ ಕುಲದಲ್ಲಿ ಹುಟ್ಟಿಯೂ ಯಾವುದನ್ನೂ ಸುತ್ತದಿರುವುದೇ ಇದರ ಲಕ್ಷಣ.

ಚರಕಸಂಹಿತೆಯ ನಾಲ್ಕು ಮೇಧ್ಯರಸಾಯನಗಳಲ್ಲಿ ಶಂಖಪುಷ್ಪಿಯೂ ಒಂದು. ಆ ಹೆಸರಿನಿಂದ ಕೇರಳದಲ್ಲಿ ಗಿರಿಕರ್ಣಿಕೆಯನ್ನೂ, ಬೇರೆಡೆ ಕೆಲವರು ವಿಷ್ಣುಕ್ರಾಂತಿಯನ್ನೂ ಗ್ರಹಿಸುವರು. ಭಾರತ ಸರ್ಕಾರದ ಆಯುರ್ವೇದ ಫಾರ್ಮಕೋಪಿಯವು ಕನ್ವಾಲ್ವುಲಸ್ ಪ್ಲೂರಿಕಾಲಿಸ್ ಎಂಬ ಮೂರನೆಯ ಸಸ್ಯವನ್ನು ಅಂಗೀಕರಿಸಿದೆ. ಇದಲ್ಲದೆ ಉದ್ಯಾನಗಳಲ್ಲಿ ನೆಲ ಮುಚ್ಚಲು ಬೆಳೆಸುವ, ಬ್ಲೂ ಡೇಸ್ ಎಂದು ಮಾರಾಟವಾಗುವ ನೀಲಪುಷ್ಪದ ಗಿಡವು ವಿಷ್ಣುಕ್ರಾಂತಿಯ ಸಗೋತ್ರವೇ ಆದರೂ ದಕ್ಷಿಣ ಅಮೆರಿಕದಿಂದ ಬಂದುದು. ಪ್ರಾಚೀನ ಗ್ರಂಥಗಳ ಅರ್ಥಕ್ಕೆ ಅದನ್ನು ಉದಾಹರಿಸಲಾಗದು.

ಆದಕಾರಣ, ಗ್ರಂಥದಲ್ಲಿ ಈ ಶಬ್ದವು ಕಂಡಾಗ 'ಒಂದು ನೀಲಿ ಹೂವು' ಎಂದು ಬರೆದು ಮುಂದೆ ಸಾಗುವುದು ಸಾಲದು. ಸಂದರ್ಭದಲ್ಲಿ ಆಶ್ರಯವನ್ನು ಸುತ್ತುವ ಬಳ್ಳಿಯಿದೆಯೇ, ಭೂಮಿಯಲ್ಲಿ ಪಸರಿಸುವ ಮೂಲಿಕೆಯಿದೆಯೇ ಎಂಬುದನ್ನು ನೋಡಿ ಅರ್ಥ ಹೇಳುವುದು ಯುಕ್ತ. ನಿರ್ಣಯಕ್ಕೆ ಆಧಾರವಿಲ್ಲದಲ್ಲಿ ಎರಡು ಅರ್ಥಗಳನ್ನೂ ಕೊಡುವುದೇ ಪ್ರಾಮಾಣಿಕವಾದ ಮಾರ್ಗ.