ಬಿಗಿ ಮಾಡಿದ ಫ್ಲೇಂಜ್ ಬಿಸಿಗೆ ಯಾಕೆ ಸೋರುತ್ತೆ?

ಜುಬೈಲ್, ರುವೈಸ್, ಮೀನಾ ಅಲ್ ಅಹ್ಮದಿಯಂಥ ಕಡೆ ರಿಫೈನರಿ ಶಟ್‌ಡೌನ್ ಕೆಲಸಕ್ಕೆ ಬರುವ ಫಿಟ್ಟರ್, ಹೆಲ್ಪರ್‌ಗಳಿಗೆ ಈ ಮಾಹಿತಿ. ನೀರಿನ ಒತ್ತಡದ ಪರೀಕ್ಷೆಯಲ್ಲಿ ಒಂದು ಹನಿಯೂ ಸೋರದ ಫ್ಲೇಂಜ್, ಪ್ಲಾಂಟ್ ಚಾಲೂ ಆದ ಮೇಲೆ ಸೋರಬಹುದು. ಆಗ "ಇನ್ನೊಂದು ಸುತ್ತು ಬಿಗಿ ಮಾಡು" ಅಂತ ಯಾರಾದ್ರೂ ಹೇಳಬಹುದು. ಸ್ಪ್ಯಾನರ್ ಹಿಡಿಯೋ ಮೊದಲು ಇದನ್ನು ಓದಿ.

ಫ್ಲೇಂಜನ್ನು ಹಿಡಿದಿಡೋದು ಬೋಲ್ಟಿನ ಎಳೆತ. ಬಿಗಿ ಮಾಡಿದಾಗ ಬೋಲ್ಟ್ ಚೂರು ಹಿಗ್ಗುತ್ತೆ. ವಾಪಸ್ ಕುಗ್ಗಲು ನೋಡುವ ಆ ಬಲವೇ ಗ್ಯಾಸ್ಕೆಟನ್ನು ಅದುಮಿ ಹಿಡಿಯುತ್ತೆ. 100 ಮಿ.ಮೀ. ಉದ್ದದ ಬೋಲ್ಟ್ ಹೀಗೆ ಹಿಗ್ಗೋದು ಬರೀ 0.15 ಮಿ.ಮೀ. ಆಸುಪಾಸು.

ಈಗ ಬಿಸಿಯ ಲೆಕ್ಕ ನೋಡಿ. ಅಷ್ಟೇ ಉದ್ದದ ಕಬ್ಬಿಣ 100 ಡಿಗ್ರಿ ಕಾದರೆ ಸುಮಾರು 0.12 ಮಿ.ಮೀ. ಬೆಳೆಯುತ್ತೆ. ಲೈನಿಗೆ ಬಿಸಿ ಎಣ್ಣೆ ಬಿಟ್ಟಾಗ ಮೊದಲು ಕಾಯೋದು ಫ್ಲೇಂಜ್, ಆಮೇಲೆ ಬೋಲ್ಟ್. ಫ್ಲೇಂಜ್ ದಪ್ಪ ಆದಂತೆ ಎಳೆತ ಏರಿ ಗ್ಯಾಸ್ಕೆಟ್ ಜಜ್ಜಿಹೋಗುತ್ತೆ. ಜಜ್ಜಿದ್ದು ಪೂರ್ತಿ ಮೇಲೇಳಲ್ಲ. ಲೈನ್ ಬೇಗ ತಣ್ಣಗಾದರೆ ಫ್ಲೇಂಜ್ ಮೊದಲು ಕುಗ್ಗುತ್ತೆ, ಬೋಲ್ಟ್ ಇನ್ನೂ ಬಿಸಿ, ಇನ್ನೂ ಉದ್ದ. ಎಳೆತದ ದೊಡ್ಡ ಪಾಲು ಹೋಯ್ತು, ಸೋರಿಕೆ ಶುರುವಾಯ್ತು. ಚಾಲೂ ಮಾಡುವಾಗ, ಬಂದ್ ಮಾಡುವಾಗ ಹುಷಾರಾಗಿರಿ ಅನ್ನೋದು ಇದಕ್ಕೇ.

ಜೋಡಿಸುವಾಗ:

• ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಫ್ಲೇಂಜಿನ ಮುಖ ಒರೆಸಿ, ಬೋಲ್ಟಿಗೆ ಹೇಳಿದ ಗ್ರೀಸನ್ನೇ ಹಚ್ಚಿ.

• ಡ್ರಾಯಿಂಗಿನಲ್ಲಿ ಇರುವ ಗ್ರೇಡಿನ ಬೋಲ್ಟೇ ಬೇಕು. 304, 316 ಸ್ಟೇನ್‌ಲೆಸ್ ಸ್ಟೀಲ್ ಅದೇ ಬಿಸಿಗೆ 0.16 ಮಿ.ಮೀ.ಗೂ ಹೆಚ್ಚು ಬೆಳೆಯುತ್ತೆ. ಕೈಗೆ ಸಿಕ್ಕಿದ್ದನ್ನು ಬೆರೆಸಿದರೆ ಎಳೆತ ಸಮ ಇರಲ್ಲ.

• ಎದುರು-ಬದುರು ಬೋಲ್ಟುಗಳನ್ನು ಹಂತಹಂತವಾಗಿ ಬಿಗಿ ಮಾಡಿ: ಟಾರ್ಕಿನ ಶೇ. 30, ಆಮೇಲೆ 70, ಆಮೇಲೆ 100. ಕೊನೆಗೆ ಸಾಲಾಗಿ ಒಂದು ಸುತ್ತು.

ಲೈನಿನಲ್ಲಿ ಒತ್ತಡ ಇದ್ದು ಸೋರುತ್ತಿದ್ದರೆ ನೀವಾಗಿಯೇ ಬಿಗಿ ಮಾಡಬೇಡಿ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲ ಆಗಬಹುದು, ಗ್ಯಾಸ್ಕೆಟ್ ಸಿಡಿಯಬಹುದು, ಬೋಲ್ಟ್ ತುಂಡಾಗಬಹುದು. ಕೊಳೆತ ಮೊಟ್ಟೆಯ ವಾಸನೆ ಬಂದು ತಟ್ಟನೆ ನಿಂತರೆ ಗ್ಯಾಸ್ ಹೋಯ್ತು ಅಂತ ತಿಳೀಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗಲ್ಲ. ಗಾಳಿಚೀಲ ನೋಡಿ, ಗಾಳಿಗೆ ಅಡ್ಡಲಾಗಿ ಹೊರಟು, ಗಾಳಿ ಬರುವ ದಿಕ್ಕಿಗೆ ಸೇರಿಕೊಳ್ಳಿ. ಫ್ಲೇಂಜಿನ ಟ್ಯಾಗ್ ನಂಬರ್ ಗೊತ್ತಿದ್ದರೆ ಕಂಟ್ರೋಲ್ ರೂಮಿಗೆ ಹೇಳಿ. ಅದನ್ನು ಓದೋಕೆ ಅಂತ ವಾಪಸ್ ಹೋಗಬೇಡಿ.

ಬಿಸಿ ಲೈನಿನಲ್ಲಿ ಬಿಗಿ ಮಾಡೋ ಕೆಲಸಕ್ಕೆ ಎಂಜಿನಿಯರ್ ಒಪ್ಪಿಗೆ, ಸಹಿ ಆದ ಪರ್ಮಿಟ್ ಎರಡೂ ಬೇಕು. ಫೋರ್‌ಮನ್ ಅವಸರ ಮಾಡಿದರೂ ಸೈಟಿನ ಮಾತನ್ನೇ ಹೇಳಿ: "ನೋ ಪರ್ಮಿಟ್, ನೋ ವರ್ಕ್."